ಬ್ಯಾಗು ಇಳಿಸುವವನು

ಬೆಳಗಿನ ಚಹಾದಲ್ಲಿ ಸಕ್ಕರೆ ಹೆಚ್ಚಾಗಿತ್ತು. ಅದಕ್ಕೂ ಮಚ್ಚೇಂದ್ರನಿಗೆ ಸಿಟ್ಟು ಬಂತು. ಹುಮನಾಬಾದಿನ ಕಾರ್ಖಾನೆಯ ಗೇಟಿನೆದುರಿನ ಹೋಟೆಲ್ಲಿನಲ್ಲಿ ಅಲ್ಲಿನ ಬಾಸ್ಕೆಟ್‌ಬಾಲ್ ತಂಡದ ಕೋಚ್ ಗುರುಲಿಂಗ ಅವನ ಪಕ್ಕದಲ್ಲೇ ಕುಳಿತು, ಬಸಿಗೆ ಚಹಾ ಸುರುವಿಕೊಂಡು ಸೊರ್ರನೆ ಎಳೆಯುತ್ತಿದ್ದ. ಆ ಸದ್ದು ನಿಲ್ಲುವುದನ್ನೇ ಮಚ್ಚೇಂದ್ರ ಕಾಯುತ್ತಿದ್ದ. ನಿಂತಾಗ ಏನು ಬರುತ್ತದೆಂದು ಅವನಿಗೆ ಗೊತ್ತಿತ್ತು. "ಬೆಂಚಿನ ಹುಡುಗರು ಈ ಸಲ ನಿನ್ನ ಕೈಯಾಗ ನೋಡು," ಎಂದ ಗುರುಲಿಂಗ. "ನಾಕು ಮಂದಿ ಅದಾರ, ಸೇಠರು ಮೂರೇ ಸಾಕು ಅಂದಾರ. ಒಬ್ಬಂವನ್ನ ಇಳಸ್ಬೇಕು. ನಾ ನಡುವ ಬಾಯಿ ಹಾಕಂಗಿಲ್ಲ. ಸಂಜೀವ ನನ್ನ ತಂಗಿ ಮಗ ಅಂತ ನೀ ನೋಡಬ್ಯಾಡ, ಬಿಲ್ಕುಲ್ ನೋಡಬ್ಯಾಡ. ಆಟ ನೋಡು." ಬಸಿ ಕೆಳಗಿಟ್ಟು ಮೀಸೆ ಒರೆಸಿಕೊಂಡ. "ಒಂದ್ ನೆನಪಿಟ್ಕೊ ಮಾತ್ರ. ಎಲ್ಲಾರೂ ನೋಡ್ತಿರ್ತಾರ."

ಎಲ್ಲರೂ ನೋಡುತ್ತಿರುತ್ತಾರೆ. ಯಾರನ್ನು? ಗುರುಲಿಂಗನನ್ನೇನೂ ಅಲ್ಲ. ತನ್ನ ತಂಗಿಯ ಮಗ ಎಂದು ಗುರುಲಿಂಗ ನಗುನಗುತ್ತಲೇ ಹೇಳಬಲ್ಲ, ಹೇಳಿದೊಡನೆ ಅದು ಪ್ರಾಮಾಣಿಕತೆಯಾಗುತ್ತದೆ. ಬೆಂಚಿನ ನಾಲ್ವರಲ್ಲಿ ಇನ್ನೊಬ್ಬ ರತ್ನದೀಪ, ಮೋರಖಂಡಿಯ ಬೌದ್ಧರ ಓಣಿಯವನು, ಮಚ್ಚೇಂದ್ರನ ಮನೆಯಿಂದ ನಾಲ್ಕು ಮನೆ ಆಚೆಯವನು, ಬಾಲು ಹಿಡಿಯುವುದನ್ನು ಮಚ್ಚೇಂದ್ರನಿಂದಲೇ ಕಲಿತವನು. ಇದನ್ನು ಯಾರೂ ಹೇಳಲಿಲ್ಲ. ಗುರುಲಿಂಗ ಹೇಳಲಿಲ್ಲ, ಮಚ್ಚೇಂದ್ರನೂ ಹೇಳಲಿಲ್ಲ. 'ಅವ ನಮ್ಮ ಓಣಿಯ ಹುಡುಗ ಅಂತ ನೋಡಬ್ಯಾಡ್ರಿ ಸರ್' ಎಂದು ತಾನೂ ನಗುತ್ತ ಅನ್ನಬಹುದಿತ್ತಲ್ಲ ಎಂದು ಮೆಟಡೋರ್ ಹತ್ತಿದ ಮೇಲೆ ಅನಿಸಿತು. ಅಂದಿದ್ದರೆ ಗಂಟಲಲ್ಲಿ ಅದು ಬೇರೆಯೇ ಸದ್ದು ಮಾಡುತ್ತಿತ್ತು. ಕ್ಷಮೆ ಕೇಳಿದಂತೆ, ಇಲ್ಲವೇ ಜಗಳಕ್ಕೆ ನಿಂತಂತೆ. ಅವನ ಬಾಯಲ್ಲಿ ನಡುವಿನ ದನಿಯೇ ಇಲ್ಲ.

ಕಾರ್ಖಾನೆಯ ಸೇಠರು ಹೈದರಾಬಾದಿನವರು. ಕಾಲೇಜಿನಲ್ಲಿದ್ದಾಗ ಬಾಸ್ಕೆಟ್‌ಬಾಲ್ ಆಡಿದವರಂತೆ, ಅದರ ಹುಚ್ಚು ಬಿಟ್ಟಿರಲಿಲ್ಲ. ಬಾಯ್ಲರಿನ ಹಿಂದೆ ಸಿಮೆಂಟಿನ ಕೋರ್ಟು ಹಾಕಿಸಿ, ಪಗಾರ ಕೊಟ್ಟು ತಂಡ ಸಾಕಿದ್ದರು. ಹಾಜರಿಯಲ್ಲಿ ಹೆಲ್ಪರ್, ಕೆಲಸ ಆಟ. ಸೊಲ್ಲಾಪುರ, ಹೈದರಾಬಾದು, ನಾಂದೇಡಗಳ ಟೂರ್ನಮೆಂಟುಗಳಿಗೆ ದೀಪಾವಳಿ ಮುಗಿದ ಮೇಲೆ ಹೊರಡುವುದು. ಅದಕ್ಕೆ ಮುಂಚೆ ಬಸವಕಲ್ಯಾಣದ ಒಂದು ಕಾಲೇಜಿನ ಮೈದಾನದಲ್ಲಿ ಒಂದು ಸ್ನೇಹದ ಆಟ. ಅವತ್ತೇ ಬೆಂಚಿನ ತೀರ್ಮಾನ. ಯಾರನ್ನು ಬಿಟ್ಟೆವೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬೆಂಚಿನವರು ಅವತ್ತು ಕ್ವಾರ್ಟರ್ಸಿನ ಕೋಣೆ ಖಾಲಿ ಮಾಡಿ, ಇದ್ದಬದ್ದದ್ದನ್ನೆಲ್ಲ ಬ್ಯಾಗಿಗೆ ತುಂಬಿ ಮೆಟಡೋರಿನ ಮೇಲೆ ಕಟ್ಟಬೇಕು. ಆಟ ಮುಗಿಸಿ ಹಿಂದಿರುಗುವಾಗ ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಗಾಡಿ ನಿಲ್ಲುತ್ತದೆ. ತೀರ್ಮಾನಿಸಿದವನು ಮೇಲೆ ಹತ್ತಿ ಒಂದು ಬ್ಯಾಗು ಇಳಿಸುತ್ತಾನೆ. ಯಾರ ಬ್ಯಾಗೋ ಅವನು ಇಳಿಯುತ್ತಾನೆ. ಮಾತಿಲ್ಲ, ಕತೆಯಿಲ್ಲ. ಹಳೆಯ ಕೋಚ್ ಒಬ್ಬ ಅಳುವ ಹುಡುಗರ ಕಾಟ ತಪ್ಪಿಸಿಕೊಳ್ಳಲು ಹಚ್ಚಿದ ಪದ್ಧತಿ ಇದು. ಎಷ್ಟೋ ವರ್ಷ ಬೆಂಚಿನ ಮೇಲೇ ಕುಳಿತಿದ್ದ ಮಚ್ಚೇಂದ್ರ ಪ್ರತಿ ವರ್ಷ ಕಿಟಕಿಯ ಪಕ್ಕ ಉಸಿರು ಹಿಡಿದು, ತಲೆಯ ಮೇಲೆ ತಗಡಿನಲ್ಲಿ ನಡೆಯುವ ಕಾಲುಗಳ ಸದ್ದು ಕೇಳಿದವನು. ಒಂದು ವರ್ಷ ಆ ಕೋಚ್ ಅವನ ಬ್ಯಾಗನ್ನು ಇಳಿಸಿ ನೆಲಕ್ಕಿಟ್ಟ. ಮಚ್ಚೇಂದ್ರ ಇಳಿದು ಬ್ಯಾಗಿಗೆ ಕೈ ಹಾಕಿದ ಮೇಲೆ, "ಮಜಾಕ್ ಮಾಡ್ದೆ ಮಾರಾಯಾ, ಮ್ಯಾಲ ಹಾಕು," ಎಂದು ನಕ್ಕ. ಎಲ್ಲರೂ ನಕ್ಕರು. ಮಚ್ಚೇಂದ್ರನೂ ನಕ್ಕ. ಆ ನಗೆಗೆ ಕೆನ್ನೆಗಳು ಇಂದಿಗೂ ನೋಯುತ್ತವೆ.

ಬಸವಕಲ್ಯಾಣದ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಮುಖ್ಯ ಅತಿಥಿಯೊಬ್ಬರು ಮೈಕು ಹಿಡಿದು, ಈ ನೆಲದಲ್ಲಿ ಮೇಲು ಕೀಳು ಎಂಬುದಿಲ್ಲ, ಇಲ್ಲಿನ ಗಾಳಿಯಲ್ಲೇ ಸಮಾನತೆ ಇದೆ ಎಂದು ಹೇಳುತ್ತಲೇ ಇದ್ದರು. ಕಾಲು ಬಿಸಿ ಮಾಡಿಕೊಂಡಿದ್ದ ಹುಡುಗರು ಸಾಲಾಗಿ ನಿಂತು ತಣ್ಣಗಾಗುತ್ತಿದ್ದರು. ರತ್ನದೀಪ ಮಾತ್ರ ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸಿ ಎತ್ತಿ ಇಳಿಸಿ ಮಾಡುತ್ತಿದ್ದ. ಅವನ ಕಾಲುಗಳಿಗೆ ಭಾಷಣ ಕೇಳಿಸುತ್ತಿರಲಿಲ್ಲ. ಅದನ್ನು ನೋಡಿ ಮಚ್ಚೇಂದ್ರನಿಗೆ ಒಳಗೆ ಏನೋ ಹಿಗ್ಗಿತು. ಹಿಗ್ಗಿದ ಮರುಗಳಿಗೆಯೇ, ಯಾರಾದರೂ ತನ್ನ ಮುಖ ನೋಡಿದರೇನೋ ಎಂದು ಸುತ್ತ ನೋಡಿದ. ತಂತಿಬೇಲಿಯ ಆಚೆ ಸುಂದರಬಾಯಿ ನಿಂತಿದ್ದಳು, ರತ್ನದೀಪನ ತಾಯಿ. ಮೋರಖಂಡಿಯಿಂದ ಟಂಟಂ ಆಟೋ ಹತ್ತಿ ಬಂದಿದ್ದಳು. ಹೊಲದ ಕೆಲಸಕ್ಕೆ ಉಡುವ ಸೀರೆಯಲ್ಲ, ಬುದ್ಧವಿಹಾರಕ್ಕೆ ಹೋಗುವಾಗಿನ ಬಿಳಿ ಸೀರೆ.

"ಮಚ್ಚೇಂದ್ರ, ಇಲ್ಲಿ ಬಾರೋ," ಎಂದು ಎಲ್ಲರೆದುರೇ ಕೈಬೀಸಿ ಕರೆದಳು. ಅವನು ಹೋದ, ಹೋಗದೆ ಇರಲಾಗಲಿಲ್ಲ. "ಹ್ಯಾಂಗ ಅದಾನ ನಮ್ಮಂವ?"

"ಅದಾನಕ್ಕ. ಛಲೋ ಅದಾನ."

"ಮನಿಗಿ ಬಂದ್ರ ಉಣ್ಣಂಗಿಲ್ಲ, ಮಲಗಂಗಿಲ್ಲ, ಬರೇ ಇದ ಜಪ. ಈ ಸಲ ಉಳಕೊಂಡ್ರ ಮುಂದ ಪರ್ಮನೆಂಟ್ ಮಾಡ್ತಾರಂತ, ಖರೆ ಏನು?"

"ಮಾಡಬಹುದು. ನನ್ನ ಕೈಯಾಗೇನದ?"

"ನಿನ್ನ ಕೈಯಾಗಿಲ್ಲ ಅಂದ್ರ ಮತ್ತ್ಯಾರ ಕೈಯಾಗದೋ?" ಅವಳು ನಕ್ಕಳು. "ನೀ ಅದಿಯಲ್ಲ, ನನಗೇನು ಚಿಂತಿ."

ಅವಳ ಹಿಂದೆ ಬೇಲಿಗೆ ಒರಗಿ ನಿಂತಿದ್ದ ಕಾರ್ಖಾನೆಯ ಕ್ಲರ್ಕ್ ಬಸವಣಪ್ಪ ಬೀಡಿ ಹಚ್ಚುತ್ತ ಇತ್ತ ನೋಡಿದ. ಸುಮ್ಮನೆ ನೋಡಿದನೋ, ಕೇಳಿಸಿಕೊಂಡು ನೋಡಿದನೋ. ಮಚ್ಚೇಂದ್ರ ಅಲ್ಲಿಂದ ಸರಸರನೆ ಬಂದುಬಿಟ್ಟ. ನೀ ಅದಿಯಲ್ಲ. ಎಂಥ ಮಾತು! ಇದ್ದುದಕ್ಕೇ ಇಷ್ಟೆಲ್ಲ. ತಾನು ಇಲ್ಲದಿದ್ದರೆ ರತ್ನದೀಪ ಬರಿಯ ಆಟಗಾರನಾಗಿರುತ್ತಿದ್ದ. ತಾನು ಇರುವುದರಿಂದಲೇ ಅವನು 'ಮಚ್ಚೇಂದ್ರನ ಹುಡುಗ'ನಾದ. ತಾನು ಮೊದಲ ಸಲ ತಂಡಕ್ಕೆ ಬಂದಾಗ ಮೆಸ್ಸಿನಲ್ಲಿ ಬೆನ್ನ ಹಿಂದೆ ಯಾರೋ, "ಇಂವ ಕೋಟಾದಾಗ ಬಂದಾನ," ಎಂದಿದ್ದರು. ಬಾಸ್ಕೆಟ್‌ಬಾಲಿನಲ್ಲಿ ಎಂಥ ಕೋಟಾ? ರಿಂಗು ಯಾರಿಗಾದರೂ ಬಗ್ಗುತ್ತದೆಯೆ? ತಿರುಗಿ ಕೇಳಬೇಕಿತ್ತು. ಕೇಳಲಿಲ್ಲ, ಅನ್ನಕ್ಕೆ ಸಾರು ಕಲಸಿಕೊಂಡ. ಅಂದಿನಿಂದ ಅವನ ಆಟವೇ ಬದಲಾಯಿತು. ಬಾಲು ಕೈಗೆ ಬಂದರೆ ಹೊಡೆಯುವ ಬದಲು ಪಾಸ್ ಕೊಡುತ್ತಿದ್ದ, ತಪ್ಪಿದರೆ ಅಂದಾರು ಎಂದು. ಹೊಡೆಯದವನು ತಪ್ಪಲೂ ಇಲ್ಲ, ಬೆಂಚಿನ ಮೇಲೇ ಉಳಿದ. ಕೊನೆಗೆ ಸಹಾಯಕ ಕೋಚ್ ಮಾಡಿದರು. ಅದರಲ್ಲಿ ಕೋಚ್ ಎಂಬ ಶಬ್ದಕ್ಕಿಂತ ಸಹಾಯಕ ಎಂಬುದೇ ದೊಡ್ಡದಾಗಿ ಕೇಳಿಸುತ್ತಿತ್ತು.

ಆಟ ಶುರುವಾಯಿತು. ಮೊದಲರ್ಧ ಮುಖ್ಯ ಐವರೇ ಆಡಿದರು. ಮಚ್ಚೇಂದ್ರ ಅವರನ್ನು ನೋಡಲಿಲ್ಲ. ಬೆಂಚಿನವನನ್ನು ಅಳೆಯಬೇಕಾದರೆ ಅವನು ಕುಳಿತಿರುವಾಗ ನೋಡಬೇಕು ಎಂಬುದು ಅವನಿಗೆ ಮೈಯಿಂದ ಗೊತ್ತಿದ್ದ ವಿಷಯ. ಮೊಹಿನುದ್ದೀನ್ ಟವೆಲ್ಲು ತಲೆಗೆ ಹೊದ್ದು ಬಾಲಿನ ಹಿಂದೆ ಕಣ್ಣು ತಿರುಗಿಸುತ್ತಿದ್ದ. ಎತ್ತರದವನು, ಬೋರ್ಡಿಗೆ ಬಡಿದು ಬಂದದ್ದೆಲ್ಲ ಅವನದೇ, ಅವನು ಬೇಕು. ಭಾಲ್ಕಿಯ ದಿಗಂಬರ ಉಗುರು ಕಡಿಯುತ್ತಿದ್ದ, ಆದರೆ ದೂರದಿಂದ ಹೊಡೆಯಲು ಅವನಂಥವನು ಇಡೀ ಜಿಲ್ಲೆಯಲ್ಲಿ ಇಲ್ಲ, ಅವನೂ ಬೇಕು. ಸಂಜೀವಕುಮಾರ ಶಾಮಿಯಾನದ ಕಡೆ ನೋಡಿ ಯಾರಿಗೋ ಹುಬ್ಬು ಹಾರಿಸುತ್ತಿದ್ದ. ಒಳ್ಳೆಯ ಹುಡುಗ, ಕೆಟ್ಟವನಲ್ಲ. ಹುಮನಾಬಾದಿನಲ್ಲಿ ಅಪ್ಪನ ಅರಿವೆ ಅಂಗಡಿ ಇದೆ, ಅವನಿಗೆ ಆಟ ಸಂಜೆಯ ಗಾಳಿಯಂತೆ. ರತ್ನದೀಪ ಬೆಂಚಿನ ತುದಿಯಲ್ಲಿ ಅರ್ಧ ಕುಳಿತು ಅರ್ಧ ಎದ್ದು, ಎದುರಾಳಿಯ ಐದನೆಯ ನಂಬರಿನವನ ಎಡಗೈಯನ್ನೇ ನೋಡುತ್ತಿದ್ದ. ಒಮ್ಮೆ ಬಗ್ಗಿ ಮಚ್ಚೇಂದ್ರನ ಕಿವಿಯಲ್ಲಿ, "ಕಾಕಾ, ಅಂವ ಯಾವಾಗ್ಲೂ ಎಡಕ್ಕ ತಿರಗತಾನ," ಎಂದ. "ಸರ್ ಅನ್ನು," ಎಂದು ಮಚ್ಚೇಂದ್ರ ಹಲ್ಲು ಕಚ್ಚಿ ಹೇಳಿದ. ಆಮೇಲೆ ನೋಡಿದರೆ ಐದನೆಯವನು ಖರೆಯೇ ಯಾವಾಗಲೂ ಎಡಕ್ಕೇ ತಿರುಗುತ್ತಿದ್ದ. ತಾನು ಅದನ್ನು ಗಮನಿಸಿರಲಿಲ್ಲ. ಅದಕ್ಕೂ ಸಿಟ್ಟು.

ಎರಡನೆಯ ಅರ್ಧದಲ್ಲಿ ಬೆಂಚಿನವರನ್ನು ಆಟಕ್ಕೆ ಇಳಿಸಿದರು. ರತ್ನದೀಪ ಐದನೆಯವನ ಎಡಗೈಯಿಂದ ಬಾಲು ಕಿತ್ತುಕೊಂಡ, ಮತ್ತೆ ಕಿತ್ತುಕೊಂಡ. ನೆಲಕ್ಕೆ ತಾಗುವಷ್ಟು ಬಗ್ಗಿ ಬಾಲು ಬಡಿಯುತ್ತ ಇಬ್ಬರ ನಡುವೆ ನುಗ್ಗಿ ಎದ್ದು ಹಾಕಿದ. ಬೇಲಿಯ ಆಚೆ ಸುಂದರಬಾಯಿ ಚಪ್ಪಾಳೆ ತಟ್ಟುತ್ತಿದ್ದಳು, ಅವಳೊಬ್ಬಳದೇ ಬೇರೆಯಾಗಿ ಕೇಳುತ್ತಿತ್ತು. ನಿಧಾನ ಆಡೋ, ಸ್ವಲ್ಪ ಕೆಟ್ಟದಾಗಿ ಆಡೋ ಎಂದು ಮಚ್ಚೇಂದ್ರ ಒಳಗೇ ಕೂಗಿಕೊಂಡ. ಅವನು ಸಾಧಾರಣ ಆಡಿದರೆ ಎಲ್ಲ ಸರಳ. ಇಷ್ಟು ಚೆನ್ನಾಗಿ ಆಡಿದರೆ ತಾನು ಅವನನ್ನು ಉಳಿಸಲೇಬೇಕು. ಉಳಿಸಿದರೆ ಕೋಚಿನ ಸೋದರಳಿಯನನ್ನು ಇಳಿಸಬೇಕು. ಇಳಿಸಿದರೆ ನಾಳೆ ಮೆಸ್ಸಿನಲ್ಲಿ, ಗೇಟಿನ ಚಹಾದಂಗಡಿಯಲ್ಲಿ, ಬಸವಣಪ್ಪನ ಟೇಬಲ್ಲಿನ ಸುತ್ತ, 'ತಮ್ಮವರನ್ನ ತುಂಬಿಸ್ಕೊಳ್ಳಾಕತ್ತಾನ' ಎಂಬ ಮಾತು. ರತ್ನದೀಪ ಹಾಕಿದ ಪ್ರತಿಯೊಂದು ಬುಟ್ಟಿಯೂ ಆ ಮಾತಿನ ಕೆಳಗೆ ಸೇರಿಹೋಗುತ್ತದೆ. ಆಗ ಒಂದು ಸಲ ರಿಂಗಿನ ಕೆಳಗೆ ರತ್ನದೀಪ ಒಬ್ಬನೇ ನಿಂತಿದ್ದ. ಬಾಲು ಸಂಜೀವಕುಮಾರನ ಕೈಯಲ್ಲಿತ್ತು. ಅವನು ಕೊಡದೆ ತಾನೇ ದೂರದಿಂದ ಎಸೆದ. ಬಾಲು ಬೋರ್ಡನ್ನೂ ಮುಟ್ಟದೆ ಹೊರಗೆ ಹೋಯಿತು. "ಕಣ್ಣ ಎಲ್ಲಿಟ್ಟೀಯಲೇ? ಬಾಲ್ ಕೊಡಬೇಕಿಲ್ಲೋ?" ಎಂದು ರತ್ನದೀಪ ಚೀರಿದ. ಮೈದಾನವೆಲ್ಲ ಕೇಳಿತು. ಸಂಜೀವ ಕಿವಿ ಹಿಡಿದುಕೊಂಡು ತಪ್ಪಾಯ್ತು ಎಂಬಂತೆ ನಗಾಡಿದ.

ಮಚ್ಚೇಂದ್ರನಿಗೆ ಉಸಿರು ಹಗುರಾಯಿತು. ಸಿಕ್ಕಿತು. ಮೂಗಿನ ತುದಿಯಲ್ಲಿ ಸಿಟ್ಟು. ತಂಡದಲ್ಲಿ ಹೊಂದಿಕೊಳ್ಳುವವನಲ್ಲ. ಬೆಂಚಿನವನಿಗೆ ಬೇಕಾದದ್ದು ತಾಳ್ಮೆ. ವಾಕ್ಯಗಳು ತಾವೇ ಸಾಲುಗಟ್ಟಿ ಬಂದವು, ಯಾರು ಕೇಳಿದರೂ ಹೇಳಬಹುದಾದಂಥವು. ಎಲ್ಲೋ ಕೇಳಿದ್ದ ವಾಕ್ಯಗಳು. ಯಾರು ಯಾರ ಬಗ್ಗೆ ಆಡಿದ್ದೆಂದು ಅವನು ನೆನಪು ಮಾಡಿಕೊಳ್ಳಲು ಹೋಗಲಿಲ್ಲ.

ಹಿಂದಿರುಗುವಾಗ ಬಿಸಿಲು ಇನ್ನೂ ಇತ್ತು. ಸಸ್ತಾಪುರ ಬಂಗ್ಲಾ ದಾಟಿ ಹೆದ್ದಾರಿಗೆ ಬಂದ ಮೇಲೆ ಡ್ರೈವರ್ ಲಾಲ್ ಅಹ್ಮದ್ ಪ್ರತಿ ವರ್ಷದಂತೆ ಕನ್ನಡಿಯಲ್ಲಿ ಹಿಂದೆ ನೋಡಿ, "ಕ್ಯಾ ಮಿಯಾಂ, ಆಜ್ ಕೌನ್ ಉತರ್‌ರಾ?" ಎಂದ. ದಿಗಂಬರ, "ನೀನೇ ಇಳಿ ಚಾಚಾ, ನಾ ಹೊಡಿತೀನಿ ಗಾಡಿ," ಎಂದ. "ನೀ ಹೊಡದ್ರ ಎಲ್ಲಾರೂ ಇಳೀಬೇಕಾಗ್ತದ," ಎಂದು ಲಾಲ್ ಅಹ್ಮದ್ ಹೇಳಿದ್ದಕ್ಕೆ ಗಾಡಿಯೆಲ್ಲ ನಕ್ಕಿತು. ರತ್ನದೀಪನೂ ನಕ್ಕ. ಅವನ ಕೂದಲು ಇನ್ನೂ ಹಸಿಯಿತ್ತು. ಅವನ ಮುಖದಲ್ಲಿ ಭಯವೇ ಇರಲಿಲ್ಲ. ತಾನು ಚೆನ್ನಾಗಿ ಆಡಿದೆ, ಅಷ್ಟೇ ಸಾಕು ಎಂದು ನಂಬಿದವನ ಮುಖ. ಇಷ್ಟು ದಿನ ತನ್ನ ಜೊತೆ ಇದ್ದೂ ಇದನ್ನು ನಂಬಿದ್ದಾನಲ್ಲ ಎಂದು ಮಚ್ಚೇಂದ್ರನಿಗೆ ಅವನ ಕಪಾಳಕ್ಕೆ ಹೊಡೆಯಬೇಕೆನಿಸಿತು. ಇಳಿಸುವುದೇ ಆದರೆ ಬಸವಕಲ್ಯಾಣದಲ್ಲೇ ಇಳಿಸಬಹುದಿತ್ತು, ತಾಯಿಯ ಜೊತೆ ಟಂಟಂ ಹತ್ತಿ ಮನೆ ಸೇರುತ್ತಿದ್ದ. ಆದರೆ ಪದ್ಧತಿ ಹುಮನಾಬಾದಿನದು. ಅಷ್ಟು ದೂರ ಒಯ್ದು, ಅದೇ ರಸ್ತೆಯಲ್ಲಿ ತಿರುಗಿ ಕಳಿಸಬೇಕು. ರಾಜೇಶ್ವರ ಊರು ದಾಟಿತು. ಇದರಲ್ಲಿ ತನ್ನದೇನಿದೆ, ನಾಳೆ ಇವನಿಗೆ ಬೇರೆ ತಂಡ ಸಿಗುತ್ತದೆ, ಚಿಕ್ಕವನು, ಸಂಜೀವನಿಗಾದರೂ ಆಟ ಬಿಟ್ಟರೆ ಅಂಗಡಿ... ಅಲ್ಲಿಗೆ ವಾದ ತಿರುಗಿ ಅವನಿಗೇ ಇರಿಯಿತು. ಅಂಗಡಿ ಇದ್ದವನು ಇಳಿಯಬೇಕು, ಇಲ್ಲದವನು ಉಳಿಯಬೇಕು. ಅವನು ವಾದವನ್ನು ಅಲ್ಲೇ ಬಿಟ್ಟು ಕಿಟಕಿಯಾಚೆ ತೊಗರಿಯ ಹೊಲಗಳನ್ನು ನೋಡತೊಡಗಿದ.

ಬಸ್‌ಸ್ಟ್ಯಾಂಡಿನ ಗೇಟಿನ ಬಳಿ ಗಾಡಿ ನಿಂತಿತು. ಗುರುಲಿಂಗ ಹಿಂದೆ ತಿರುಗಿ ನೋಡಲಿಲ್ಲ, ಮುಂದಿನ ಗಾಜಿನಲ್ಲಿ ಏನನ್ನೋ ನೋಡುತ್ತ ಕುಳಿತ. ಮಚ್ಚೇಂದ್ರ ಇಳಿದು, ಹಿಂದಿನ ಏಣಿ ಹಿಡಿದು ಮೇಲೆ ಹತ್ತಿದ. ತಗಡು ಕಾದಿತ್ತು. ಹಗ್ಗ ಬಿಚ್ಚಿದ. ಸಂಜೀವನ ಬ್ಯಾಗು ಮೇಲೇ ಇತ್ತು, ಹೊಸದು, ಚಕ್ರದ್ದು. ಅದನ್ನು ಎತ್ತಿ ಪಕ್ಕಕ್ಕಿಟ್ಟು ಕೆಳಗಿನಿಂದ ರತ್ನದೀಪನ ಬ್ಯಾಗು ಎಳೆದ. ಭಾರವಿತ್ತು, ಮೂಲೆಯಲ್ಲಿ ಸ್ಟವ್ ಗಟ್ಟಿಯಾಗಿ ತಾಗುತ್ತಿತ್ತು. ಒಂದು ಕೈಯಲ್ಲಿ ಏಣಿ ಹಿಡಿದು ಇನ್ನೊಂದರಲ್ಲಿ ಬ್ಯಾಗು ಹೊತ್ತು ಇಳಿದು ನೆಲಕ್ಕಿಟ್ಟ. ಆಗ ಕಣ್ಣೆತ್ತಿ ನೋಡಿದರೆ ಗಾಡಿಯ ಬಾಗಿಲಲ್ಲಿ ಸಂಜೀವಕುಮಾರ ನಿಂತಿದ್ದ. ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟಾಗಿತ್ತು, ಬೂಟಿನ ಲೇಸು ಕಟ್ಟಿಕೊಂಡಿದ್ದ, ಶರ್ಟು ಬದಲಿಸಿದ್ದ. ಇಳಿಯಲು ತಯಾರಾಗಿ ನಿಂತಿದ್ದವನು ಕೆಳಗಿದ್ದ ಬ್ಯಾಗನ್ನು ನೋಡಿದ, ಮಚ್ಚೇಂದ್ರನನ್ನು ನೋಡಿದ, ಕಾಲು ಹಿಂದೆಗೆದ. ಒಳಗಿನಿಂದ ದಿಗಂಬರನ ದನಿ, "ಅರೇ, ಇವಂದ?"

ರತ್ನದೀಪ ಇಳಿದ. ಬ್ಯಾಗು ಎತ್ತಿ ಹೆಗಲಿಗೆ ಹಾಕಿಕೊಂಡ. ಬಸವಕಲ್ಯಾಣದ ಬಸ್ಸು ನಿಲ್ಲುವ ಕಡೆಗೆ, ಆಟದಲ್ಲಿ ಹೊರಗೆ ಕರೆದಾಗ ನಡೆಯುವಂತೆ ನೆಟ್ಟಗೆ ನಡೆದುಹೋದ.

ಗುರುಲಿಂಗ ಮುಂದಿನ ಬಾಗಿಲು ತೆಗೆದು ಕೆಳಗಿಳಿದ. "ಏನಪ್ಪಾ ಇದು," ಎಂದ. "ಸಂಜ್ಯಾನ್ನ ಇಳಸ್ತಿ ಅಂತ ನಾ ನಿನ್ನೇನೇ ನಮ್ಮ ತಂಗಿಗಿ ಹೇಳಿಟ್ಟೀನಿ. ಹುಡುಗಗೂ ಹೇಳೀನಿ, ಅಂಗಡ್ಯಾಗ ಕೂಡು ಅಂತ. ಅಂವ ಭೀ ಹೂಂ ಅಂದಾನ. ಆ ಹುಡುಗನ ಆಟ ನೋಡ್ದಿಲ್ಲೇನು ನೀ? ನಾ ಆಗಿದ್ರ ಅವನ್ನ ಬಿಡ್ತಿದ್ದಿಲ್ಲ." ತಲೆಯಾಡಿಸಿದ. "ನಿಷ್ಠುರ ಮನಷ್ಯಾ ಬಿಡು. ನಿಮ್ಮಂವ ಅಂತ ಭೀ ನೋಡಲಿಲ್ಲ."

ಖರೆಯೋ ಸುಳ್ಳೋ? ಬ್ಯಾಗು ಇಳಿದ ಮೇಲೆ ಯಾವ ಮಾತನ್ನಾದರೂ ಆಡಬಹುದು, ಖರ್ಚಿಲ್ಲ. ಆದರೆ ಸಂಜೀವನ ಲೇಸು ಕಟ್ಟಿತ್ತು. ಹಾಗಾದರೆ ಬೆಳಗಿನ ಆ ಮಾತು? ಎಲ್ಲರೂ ನೋಡುತ್ತಿರುತ್ತಾರೆ ಎಂದದ್ದು, ಹೆದರಬೇಡ, ನನ್ನ ಅಳಿಯನನ್ನು ಇಳಿಸು, ಎಲ್ಲರೂ ನೋಡಲಿ ಎಂದೇ ಇರಬಹುದಿತ್ತೆ? ಇರಬಹುದಿತ್ತು. ಅದನ್ನು ಬಿಡಿಸಿ ಹೇಳಿದ್ದರೆ ಇವನಪ್ಪನ ಗಂಟೇನು ಹೋಗುತ್ತಿತ್ತು? ಮಚ್ಚೇಂದ್ರನ ಕಿವಿ ಕಾದವು. ಈಗ ಈ ಮನುಷ್ಯ ದೊಡ್ಡವನಾದ. ಸಣ್ಣತನವೆಲ್ಲ ತನ್ನ ಪಾಲಿಗೆ ಬಂತು.

"ಬಸ್ಸು ಇನ್ನೂ ಬಂದಿಲ್ಲಲ್ಲ," ಎಂದ ಗುರುಲಿಂಗ. "ಹೋಗಿ ಕರಕೊಂಡು ಬಾ. ಯಾರೇನಂತಾರ?"

ರತ್ನದೀಪ ಕಂಬಕ್ಕೆ ಒರಗಿ, ಬ್ಯಾಗನ್ನು ಕಾಲುಗಳ ನಡುವೆ ಇಟ್ಟುಕೊಂಡು ನಿಂತಿದ್ದ. ಮಚ್ಚೇಂದ್ರ ಹತ್ತಿರ ಹೋಗಿ, "ಬಾ," ಎಂದ. "ಸಾಹೇಬ್ರು ಬಾ ಅಂದ್ರು."

"ಯಾವ ಸಾಹೇಬ್ರು?"

"ಗುರುಲಿಂಗಪ್ಪನೋರು. ನಿನ್ನ ಇಟ್ಕೋತಾರಂತ."

"ಅವರು ಇಟ್ಕೋತಾರ. ನೀವು ಇಳ್ಸಿದ್ರಿ." ರತ್ನದೀಪನ ದನಿಯಲ್ಲಿ ಜಗಳವಿರಲಿಲ್ಲ, ಲೆಕ್ಕ ಸರಿಯಾಗಿದೆಯೇ ಎಂದು ಕೇಳುವವನಂತೆ ಕೇಳಿದ. "ಒಂದು ಹೇಳ್ರಿ ಕಾಕಾ. ಇವತ್ತ ನಾ ಹ್ಯಾಂಗ ಆಡ್ದೆ?"

"ಈಗ್ಯಾಕ ಅದೆಲ್ಲ? ನಡಿ, ಗಾಡಿ ನಿಂತದ."

"ಇಲ್ರಿ, ಹೇಳ್ರಿ. ಬರೂದು ಬಿಡೂದು ಆಮ್ಯಾಲ."

ಮಚ್ಚೇಂದ್ರ ಸುತ್ತ ನೋಡಿದ. ಕಡಲೆ ಮಾರುವವಳೊಬ್ಬಳು, ಒಬ್ಬ ಕಂಡಕ್ಟರ್. "ಛಲೋ ಆಡ್ದಿ," ಎಂದ, ತುಟಿ ಮಾತ್ರ ಅಲ್ಲಾಡುವಂತೆ. "ಎಲ್ಲಾರಕಿಂತ ಛಲೋ ಆಡ್ದಿ."

"ಜೋರ್ ಹೇಳ್ರಿ."

"ಏನು?"

"ಗಾಡ್ಯಾಗ ಕೂತವ್ರಿಗಿ ಕೇಳ್ಬೇಕು. ಇಲ್ಲಿಂದ ಕೂಗ್ರಿ. ಇಂವ ಎಲ್ಲಾರಕಿಂತ ಛಲೋ ಆಡ್ದ, ನಂದು ತಪ್ಪಾಯ್ತು ಅಂತ. ಬರ್ತೀನಿ."

ಮೆಟಡೋರಿನ ಕಿಟಕಿಗಳಲ್ಲಿ ಮುಖಗಳು ಇತ್ತಲೇ ನೋಡುತ್ತಿದ್ದವು. ಗುರುಲಿಂಗ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ. ಎಷ್ಟು ಮಹಾ, ನಾಲ್ಕು ಶಬ್ದ. ಮಚ್ಚೇಂದ್ರ ಗಾಡಿಯ ಕಡೆ ತಿರುಗಿದ. ಎದೆ ತುಂಬ ಉಸಿರು ತೆಗೆದುಕೊಂಡ. ಬಾಯಿ ತೆರೆದ. ಅಷ್ಟರಲ್ಲಿ ಮಾತಿನ ಜಾಗಕ್ಕೆ ಬೇರೆ ಏನೋ ಕೆಳಗಿನಿಂದ ಏರಿ ಬಂತು. ಅವನು ಗಾಡಿಯಿಂದ ಮುಖ ತಿರುಗಿಸಿ ರತ್ನದೀಪನ ಮುಖದೆದುರು ಚೀರಿದ, "ಸೊಕ್ಕ ಬಂದದೇನಲೇ ಮಗನ? ಕರದ್ರ ಬರಾಕ ಆಗಂಗಿಲ್ಲ? ಯಾರಂತ ತಿಳ್ಕೊಂಡೀ ನೀ? ಯಾರಲೇ ನೀ?"

ಬಸ್‌ಸ್ಟ್ಯಾಂಡೆಲ್ಲ ಕೇಳಿತು. ಕಡಲೆಯವಳು ಕೈ ನಿಲ್ಲಿಸಿ ನೋಡಿದಳು. ರತ್ನದೀಪ ತಾನು ಕೇಳಿದ್ದಕ್ಕೆ ಉತ್ತರ ಸಿಕ್ಕಿತೆಂಬಂತೆ ತಲೆ ಅಲ್ಲಾಡಿಸಿದ. ಬಸವಕಲ್ಯಾಣದ ಬಸ್ಸು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಅವನು ನೂಕುನುಗ್ಗಲಿನಲ್ಲಿ ಬ್ಯಾಗನ್ನು ತಲೆಯ ಮೇಲೆತ್ತಿ, ಇಬ್ಬರ ನಡುವಿನ ಸಂದಿಯಲ್ಲಿ ಭುಜ ತೂರಿಸಿ, ಹತ್ತಿಹೋದ.

ಮಚ್ಚೇಂದ್ರ ತಿರುಗಿ ಬಂದ.

"ಏನಂದ?" ಎಂದ ಗುರುಲಿಂಗ.

"ಬರಂಗಿಲ್ಲಂದ್ರಿ. ಸೊಕ್ಕು ಭಾಳ ಅದ ಅವನಿಗಿ."

"ಅದಂತೂ ಮೈದಾನದಾಗೇ ಕಂಡಿತ್ತು ಬಿಡು," ಎಂದ ಗುರುಲಿಂಗ. "ಖರೆ, ಖರೆ," ಎಂದು ಸ್ಟಿಯರಿಂಗಿನ ಹಿಂದಿನಿಂದ ಲಾಲ್ ಅಹ್ಮದ್. ದಿಗಂಬರ ಹೌದೆಂದ, ಮೊಹಿನುದ್ದೀನ್ ಹೌದೆಂದ. ಸಂಜೀವಕುಮಾರ ಸರಿದು ಕುಳಿತು ತನ್ನ ಪಕ್ಕದಲ್ಲಿ ಜಾಗ ಮಾಡಿಕೊಟ್ಟ, "ಬರ್ರಿ ಸರ್, ಇಲ್ಲಿ ಕೂಡ್ರಿ," ಎಂದು ನೀರಿನ ಬಾಟಲಿ ಮುಂದೆ ಹಿಡಿದ. ಇಷ್ಟು ವರ್ಷಗಳಲ್ಲಿ ಮಚ್ಚೇಂದ್ರನ ಒಂದು ಮಾತನ್ನು ಆ ಗಾಡಿಯಲ್ಲಿದ್ದವರೆಲ್ಲ ಒಂದೇ ಸಲಕ್ಕೆ ಒಪ್ಪಿಕೊಂಡದ್ದು ಅದೇ ಮೊದಲು. ಅವನು ಬಾಟಲಿ ತೆಗೆದುಕೊಂಡು ಗಟಗಟ ಕುಡಿದ.